ಹಿಟ್ಟಿನ ಹುಂಜ, ಖಾರದ ಪುಡಿ

ಪತ್ರಿಕೆಯ ಒಳಪುಟದಲ್ಲಿ ಆಗಾಗ ಕಣ್ಣಿಗೆ ಬೀಳುವ ಸುದ್ದಿ ಇದು: ‘ದರೋಡೆಗೆ ಸಂಚು: ಐವರ ಬಂಧನ’. ಜಾಗ ಊರಾಚೆಯ ಕೆರೆ ಏರಿ, ಇಲ್ಲವೇ ರಿಂಗ್ ರಸ್ತೆಯ ಸೇತುವೆಯಡಿ. ಹೊತ್ತು ರಾತ್ರಿ. ‘ಖಚಿತ ಮಾಹಿತಿ ಮೇರೆಗೆ’ ದಾಳಿ. ಸಿಕ್ಕಿದ್ದು ಎರಡು ಲಾಂಗು, ಒಂದು ಮಚ್ಚು, ಕಬ್ಬಿಣದ ರಾಡು, ಹಗ್ಗ, ಖಾರದ ಪುಡಿ ಪೊಟ್ಟಣ. ಊರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಖಾರದ ಪುಡಿ ಮಾತ್ರ ಅದೇ. ಐದು ಎಂಬ ಲೆಕ್ಕವೂ ಅದೇ. ಒಮ್ಮೊಮ್ಮೆ ‘ಮೂವರ ಬಂಧನ, ಇಬ್ಬರು ಪರಾರಿ’ ಎಂದಿರುತ್ತದೆ. ಕೂಡಿ ನೋಡಿದರೆ ಮತ್ತೆ ಐದು. ಐದಕ್ಕೆ ಒಂದು ತಲೆ ಕಡಿಮೆಯಾದರೂ ಕಾನೂನಿನ ಲೆಕ್ಕದಲ್ಲಿ ಅದು ಡಕಾಯಿತಿ ಅಲ್ಲ.

ಈ ಸುದ್ದಿಯಲ್ಲಿ ಏನೇನು ಇಲ್ಲ ಎಂಬುದನ್ನೂ ನೋಡಬೇಕು. ಯಾರ ಮನೆಯ ಬೀಗವೂ ಮುರಿದಿಲ್ಲ. ಯಾರ ಕಣ್ಣಿಗೂ ಖಾರ ಬಿದ್ದಿಲ್ಲ. ಸರ ಕಳೆದುಕೊಂಡು ದೂರು ಕೊಡಲು ಬಂದವರಿಲ್ಲ. ಇರುವುದು ಐದು ಜನರ ತಲೆಯೊಳಗಿನ ಒಂದು ಆಲೋಚನೆ, ಅದಕ್ಕೆ ಸಾಕ್ಷಿಯಾಗಿ ಎಲ್ಲರ ಅಡುಗೆಮನೆಯ ಡಬ್ಬಿಯಲ್ಲೂ ಇರುವ ಪುಡಿ. ಇಷ್ಟಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ 399ನೇ ಸೆಕ್ಷನ್ 10 ವರ್ಷದವರೆಗೆ ಕಠಿಣ ಸಜೆ ಹೇಳುತ್ತಿತ್ತು. ಸಿದ್ಧತೆಯೂ ಬೇಡ, ಆ ಉದ್ದೇಶಕ್ಕೆ ಒಂದೆಡೆ ಸೇರಿದ್ದೇ ಸಾಕು ಎಂದರೆ 402ನೇ ಸೆಕ್ಷನ್, 7 ವರ್ಷ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇವೆರಡನ್ನೂ 310ನೇ ಸೆಕ್ಷನ್ನಿನೊಳಗೆ ಹಾಗೆಯೇ ಉಳಿಸಿಕೊಂಡಿದೆ.

ಕೆಲವು ವರ್ಷಗಳ ಹಿಂದೆ ಬೇರೇನೋ ಕೆಲಸಕ್ಕೆ ಹೋಗಿದ್ದವನು ಒಂದು ಸೆಷನ್ಸ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂತಿದ್ದೆ. ನಡೆಯುತ್ತಿದ್ದುದು ಇಂಥದೇ ಕೇಸು. ಮುದ್ದೆಮಾಲು ಹೊರಬಂತು: ಬಟ್ಟೆ ಸುತ್ತಿ, ಅರಗಿನ ಸೀಲು ಒತ್ತಿ, ಮೇಲೊಂದು ಚೀಟಿ ಅಂಟಿಸಿದ ಪೊಟ್ಟಣ. ಅಟೆಂಡರ್ ಬಿಚ್ಚಿದ. ಮೂರು ವರ್ಷ ಮಾಲಖಾನೆಯಲ್ಲಿದ್ದ ಮೆಣಸಿನ ಪುಡಿ ಕೆಂಪು ಕಳೆದುಕೊಂಡು ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಮುಂದಿನ ಸಾಲಿನಲ್ಲಿ ಇಬ್ಬರು ಸೀನಿದರು. ಕಟಕಟೆಯಲ್ಲಿ ಪಂಚ ಸಾಕ್ಷಿ, ಚಹಾ ಅಂಗಡಿಯವನು.

‘ಈ ಪೊಟ್ಟಣ ಎಲ್ಲಿ ನೋಡಿದ್ದಪ್ಪಾ?’

‘ಸ್ಟೇಷನ್ನಲ್ಲಿ ಸ್ವಾಮಿ.’

‘ಕೆರೆ ಏರಿ ಮೇಲೆ ಅಲ್ಲವೇ?’

‘ಏರಿಗೆ ನಾನು ಹೋಗೇ ಇಲ್ಲ ಸ್ವಾಮಿ. ಟೀ ಕೊಡೋಕೆ ಸ್ಟೇಷನ್ನಿಗೆ ಹೋಗಿದ್ದೆ. ಸೈನ್ ಹಾಕು ಅಂದ್ರು, ಹಾಕ್ದೆ.’

ಸರ್ಕಾರಿ ವಕೀಲರು ಎದ್ದು ಸಾಕ್ಷಿ ಪ್ರತಿಕೂಲವಾಗಿದ್ದಾರೆಂದು ಹೇಳಿ, ಆಗಲೇ ಗೊತ್ತಿದ್ದವರಂತೆ ಕೂತರು. ಪೊಲೀಸರು ಕಥೆ ಕಟ್ಟಿದ್ದರು ಎನ್ನಲು ನನ್ನಲ್ಲಿ ಆಧಾರವಿಲ್ಲ. ಆ ಐವರು ನಿಜಕ್ಕೂ ಯಾವುದೋ ಮನೆಗೆ ನುಗ್ಗಲೆಂದೇ ಕೂತಿದ್ದಿರಬಹುದು, ಇಸ್ಪೀಟು ಆಡುತ್ತಿದ್ದಿರಲೂಬಹುದು. ಆ ಪುಡಿಯನ್ನು ಎಷ್ಟು ಹೊತ್ತು ನೋಡಿದರೂ ಅದು ಯಾವುದನ್ನೂ ಹೇಳಲಿಲ್ಲ.

ಇಂಥ ಕೇಸನ್ನು ಎರಡು ನಿಮಿಷದಲ್ಲಿ ತೀರ್ಮಾನಿಸಬಲ್ಲ ನ್ಯಾಯಾಲಯವೊಂದು ಕನ್ನಡದಲ್ಲೇ ಇದೆ. 13ನೇ ಶತಮಾನದ ಆರಂಭದಲ್ಲಿ ಹೊಯ್ಸಳರ ಆಸ್ಥಾನದ ಜನ್ನ ಬರೆದ ‘ಯಶೋಧರ ಚರಿತೆ’ ಅದು. ಕೆಟ್ಟ ಕನಸು ಬಿತ್ತೆಂದು ರಾಜ ಯಶೋಧರ ತಾಯಿ ಚಂದ್ರಮತಿಗೆ ಹೇಳುತ್ತಾನೆ. ದೇವಿಗೆ ಬಲಿ ಕೊಡು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಕೊನೆಗೆ ಇಬ್ಬರೂ ಒಪ್ಪುವ ದಾರಿ ಹಿಟ್ಟಿನ ಹುಂಜ. ಅದಕ್ಕೆ ಬಣ್ಣ ಬಳಿದು, ದೇವಿಯ ಮುಂದಿಟ್ಟು ಕತ್ತಿ ಬೀಸುತ್ತಾನೆ. ಸತ್ತದ್ದು ಹಿಟ್ಟು. ಶಿಕ್ಷೆ ಮಾತ್ರ ನವಿಲು, ನಾಯಿಯಿಂದ ಮೊದಲಾಗಿ ಜನ್ಮಜನ್ಮಾಂತರಗಳ ಬವಣೆ. ಒಂದೊಂದು ಜನ್ಮದಲ್ಲೂ ಕಡಿಸಿಕೊಂಡು, ಕೊಲ್ಲಿಸಿಕೊಂಡು ಸಾಯುವುದು. ಸಂಕಲ್ಪ ಹಿಂಸೆಯೂ ಹಿಂಸೆಯೇ ಎನ್ನುವುದು ಜೈನ ಕವಿಯ ತೀರ್ಪು. ಇದೇ ಕಥೆಯನ್ನು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕವಾಗಿಸಿದರು.

ಜನ್ನನನ್ನು ಓದುವಾಗೆಲ್ಲ ಒಂದು ತಕರಾರು ಎತ್ತಬೇಕೆನಿಸುತ್ತದೆ. ಯಶೋಧರನ ಉದ್ದೇಶ ಏನಾಗಿತ್ತು? ಕೊಲ್ಲಬೇಕೆಂದಿದ್ದರೆ ಅರಮನೆಯಲ್ಲಿ ಕೋಳಿಗೆ ಬರವೇ? ಕೊಲ್ಲಬಾರದು, ತಾಯಿಯ ಮಾತನ್ನೂ ತೆಗೆದುಹಾಕಬಾರದು ಎಂಬ ಇಕ್ಕಟ್ಟಿನಲ್ಲಿ ಹಿಟ್ಟು ಕಲಸಿದವನು ಅವನು. ಕತ್ತಿ ಎತ್ತಿದ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿದ್ದುದು ಹಿಂಸೆಯೋ, ಹಿಂಸೆಯಿಂದ ಪಾರಾಗುವ ಆಸೆಯೋ? ಕರ್ಮದ ನ್ಯಾಯಾಲಯಕ್ಕೆ ಇದು ತೊಡಕಲ್ಲ. ಅಲ್ಲಿ ಪಂಚರು ಬೇಡ, ಮಹಜರು ಬೇಡ. ಮನಸ್ಸಿನ ಒಳಗೇ ಕೂತು ನೋಡಿದವರ ತೀರ್ಪು ಅದು. ನಮ್ಮ ನ್ಯಾಯಾಧೀಶರು ಹೊರಗೆ ಕೂತಿದ್ದಾರೆ.

ಕಾನೂನು ಓದುವ ಹುಡುಗರು ಉರು ಹೊಡೆಯುವ ಮೆಟ್ಟಿಲು ನಾಲ್ಕು: ಉದ್ದೇಶ, ಸಿದ್ಧತೆ, ಪ್ರಯತ್ನ, ಕೃತ್ಯ. ಮೊದಲನೆಯದಕ್ಕೆ ಶಿಕ್ಷೆಯಿಲ್ಲ. ಎರಡನೆಯದಕ್ಕೂ ಸಾಮಾನ್ಯವಾಗಿ ಇಲ್ಲ. ಡಕಾಯಿತಿ, ದೇಶದ ಮೇಲೆ ಯುದ್ಧ ಹೂಡಲು ಆಯುಧ ಕೂಡಿಡುವುದು, ಖೋಟಾ ನಾಣ್ಯಕ್ಕೆ ಅಚ್ಚು ಮಾಡುವುದು, ಇಂಥ ಕೆಲವನ್ನು ಬಿಟ್ಟು. ಮೂರನೆಯದರಿಂದ ಜೈಲಿನ ಬಾಗಿಲು ತೆರೆಯುತ್ತದೆ. ಎರಡನೆಯದು ಎಲ್ಲಿ ಮುಗಿದು ಮೂರನೆಯದು ಎಲ್ಲಿ ಶುರುವಾಯಿತು ಎಂಬುದಕ್ಕೆ ಮಾತ್ರ ಒಂದೂವರೆ ಶತಮಾನದಿಂದ ವಾದ ನಡೆದೇ ಇದೆ.

ಮೆಕಾಲೆಯ ಮೇಲೆ ನಮಗೆ ಶಿಕ್ಷಣದ ಕಾರಣಕ್ಕೆ ಸಿಟ್ಟು ಇದ್ದೇ ಇದೆ. ಆದರೆ ದಂಡ ಸಂಹಿತೆಯ ಕರಡನ್ನು 1837ರಲ್ಲಿ ಒಪ್ಪಿಸಿದ ಅವನ ತಂಡ ಒಂದು ಒಳ್ಳೆಯ ಪದ್ಧತಿ ಹಾಕಿಕೊಟ್ಟಿತು: ನಿಯಮದ ಕೆಳಗೆ ನಾಲ್ಕು ಸಾಲಿನ ಪುಟ್ಟ ಕಥೆ. 1860ರಲ್ಲಿ ಕಾಯ್ದೆಯಾದಾಗ ಕೊಲೆ ಯತ್ನದ 307ನೇ ಸೆಕ್ಷನ್ನಿನ ಕೆಳಗೆ ಇಂಥ ಒಂದು ಕಥೆ ಇತ್ತು. ಒಬ್ಬ ಇನ್ನೊಬ್ಬನನ್ನು ಕೊಲ್ಲಲೆಂದು ವಿಷ ಕೊಳ್ಳುತ್ತಾನೆ, ಊಟಕ್ಕೆ ಬೆರೆಸುತ್ತಾನೆ. ಊಟ ಇನ್ನೂ ಅವನ ಸುಪರ್ದಿಯಲ್ಲೇ ಇದೆ. ಅಪರಾಧ ಆಯಿತೇ? ಇಲ್ಲ. ಅದೇ ಊಟವನ್ನು ಶತ್ರುವಿನ ಮೇಜಿನ ಮೇಲಿಟ್ಟರೆ, ಬಡಿಸಲೆಂದು ಆಳಿನ ಕೈಗೆ ಕೊಟ್ಟರೆ? ಆಯಿತು. ಹೊಸ ಸಂಹಿತೆಯ 109ನೇ ಸೆಕ್ಷನ್ನಿಗೂ ಈ ಕಥೆ ದಾಟಿ ಬಂದಿದೆ.

ನನಗಿದು ಇಡೀ ಸಂಹಿತೆಯಲ್ಲೇ ವಿಚಿತ್ರವಾದ ಜಾಗ. ವಿಷ ಬೆರೆಸಿದ ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತವನನ್ನು ಕಲ್ಪಿಸಿಕೊಳ್ಳಿ. ಅವನ ಉದ್ದೇಶದಲ್ಲಿ ಯಾರಿಗೂ ಅನುಮಾನವಿಲ್ಲ. ಆದರೂ ಕಾನೂನು ಅವನನ್ನು ಇನ್ನೂ ಕೊಲೆ ಯತ್ನದ ಅಪರಾಧಿ ಎನ್ನುವುದಿಲ್ಲ. ಅಡುಗೆಮನೆಗೂ ಊಟದ ಮೇಜಿಗೂ ನಡುವಿನ ಹತ್ತು ಹೆಜ್ಜೆಯಲ್ಲಿ ಅವನು ಬಚ್ಚಲಿನ ಕಡೆ ತಿರುಗಿ ತಟ್ಟೆ ಚೆಲ್ಲಿಬಿಡಬಹುದಲ್ಲ ಎಂದು ಕಾಯುತ್ತದೆ.

ಈ ಹತ್ತು ಹೆಜ್ಜೆ ಒಂದು ಕೇಸಿನಲ್ಲಿ ಹದಿನಾಲ್ಕು ಮೈಲಿಯಾಯಿತು. 1961ರ ಅಕ್ಟೋಬರ್. ಪಂಜಾಬಿನಿಂದ ಪರವಾನಗಿಯಿಲ್ಲದೆ ಭತ್ತ ಹೊರಗೆ ಸಾಗಿಸಬಾರದೆಂಬ ಆದೇಶ ಜಾರಿಯಲ್ಲಿದ್ದ ಕಾಲ. ದೆಹಲಿಗೆ ಹೊರಟ, 75 ಚೀಲ ಭತ್ತ ಹೇರಿದ ಲಾರಿಯನ್ನು ಸಮಾಲ್ಖಾ ತಪಾಸಣೆ ಗೇಟಿನಲ್ಲಿ ತಡೆದರು. ಡ್ರೈವರ್ ಇದ್ದ, ಕ್ಲೀನರ್ ಇದ್ದ, ಪರವಾನಗಿ ಇರಲಿಲ್ಲ. ಗೇಟು ದೆಹಲಿಯಿಂದ 32 ಮೈಲಿ ದೂರ. ಗಡಿ ಇದ್ದದ್ದು 18ನೇ ಮೈಲಿಯಲ್ಲಿ. ಕೆಳಗಿನ ಕೋರ್ಟುಗಳು ಶಿಕ್ಷೆ ಕೊಟ್ಟವು. ಸುಪ್ರೀಂ ಕೋರ್ಟು 1968ರಲ್ಲಿ ಬಿಟ್ಟಿತು. ಗಡಿ ಇನ್ನೂ ಹದಿನಾಲ್ಕು ಮೈಲಿ ಇದೆ. ದಾರಿಯಲ್ಲಿ ಯಾರೋ ಎಚ್ಚರಿಸಿ ಲಾರಿ ಹಿಂದಕ್ಕೆ ತಿರುಗಿಯೇ ತಿರುಗುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಇದು ಸಿದ್ಧತೆ, ಪ್ರಯತ್ನ ಅಲ್ಲ ಎಂದಿತು. ಹೆದ್ದಾರಿಯಲ್ಲಿ ಹೇರು ತುಂಬಿದ ಲಾರಿ ಮನಸ್ಸು ಬದಲಾಯಿಸಿ ಯು-ಟರ್ನ್ ಹೊಡೆಯುವುದನ್ನು ನಾನಂತೂ ನೋಡಿಲ್ಲ. ತರ್ಕ ತುಸು ಉದಾರವಾಯಿತು ಎನಿಸಿದರೂ ತೀರ್ಪು ನನಗೆ ಇಷ್ಟ.

ಇದಕ್ಕೆ ಎದುರಾಗಿ ಇನ್ನೊಂದು ರಾತ್ರಿ: 1968ರ ಸೆಪ್ಟೆಂಬರ್, ಮುಂಬೈ ಹತ್ತಿರದ ವಸಾಯಿ ಕಡೆಯ ಖಾರಿ. ಟ್ರಕ್ಕಿನಲ್ಲಿ ಮರದ ಹೊಟ್ಟಿನ ಚೀಲಗಳಡಿ ಬೆಳ್ಳಿಯ ಗಟ್ಟಿಗಳು. ನೀರಿನ ಅಂಚಿಗೆ ಅವನ್ನು ಇಳಿಸುತ್ತಿದ್ದಾಗ ಕಸ್ಟಮ್ಸ್‌ನವರು ಸುತ್ತುವರಿದರು. ಅದೇ ಹೊತ್ತಿಗೆ ಕತ್ತಲಲ್ಲಿ ದೋಣಿಯೊಂದರ ಎಂಜಿನ್ನಿನ ಸದ್ದು. ಬೆಳ್ಳಿ ದೋಣಿ ಹತ್ತಿರಲಿಲ್ಲವಲ್ಲ, ಇದು ಬರೀ ಸಿದ್ಧತೆ ಎಂದು ಸೆಷನ್ಸ್ ಕೋರ್ಟೂ ಹೈಕೋರ್ಟೂ ಬಿಟ್ಟವು. 1980ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪ್ರಯತ್ನವೇ ಸರಿ ಎಂದಿತು. ಪೀಠದ ಇಬ್ಬರಲ್ಲಿ ಒಬ್ಬರು, ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ನಮಗೆ ಪರಿಚಿತರಾದ ಚಿನ್ನಪ್ಪ ರೆಡ್ಡಿಯವರು. ಭತ್ತದ ಲಾರಿಗೂ ಬೆಳ್ಳಿಯ ಟ್ರಕ್ಕಿಗೂ ಇದ್ದ ಅಂತರವನ್ನು ಅವರು ಬೇರೆಯಾಗಿಯೇ ಬರೆದು ತೋರಿಸಿದರು.

ಮೂರನೆಯದು ಇನ್ನೂ ಹಳೆಯದು. 1884ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ರಾಮಕ್ಕನ ಪ್ರಕರಣ. ಬಾವಿಗೆ ಬೀಳುತ್ತೇನೆಂದು ಓಡಿದ ಹೆಂಗಸು. ಬಾವಿ ಮುಟ್ಟುವ ಮೊದಲೇ ಹಿಡಿದು ನಿಲ್ಲಿಸಿದರು. ಆತ್ಮಹತ್ಯೆ ಯತ್ನ ಆಗ ಶಿಕ್ಷಾರ್ಹ ಅಪರಾಧ. ಬಾವಿಕಟ್ಟೆಗೆ ಬರುವ ಮುನ್ನ ಅವಳು ಮನಸ್ಸು ಬದಲಾಯಿಸಿರಬಹುದಿತ್ತು ಎಂದು ಕೋರ್ಟು ಬಿಟ್ಟಿತು. ಅವಳು ಏಕೆ ಓಡಿದಳು, ಮನೆಗೆ ಮರಳಿದ ಮೇಲೆ ಏನಾಯಿತು ಎಂಬುದು ಕೋರ್ಟಿಗೆ ಬೇಕಿರಲಿಲ್ಲ. ತೀರ್ಪಿಗೆ ಬೇಕಾದದ್ದು ಅವಳ ಕಾಲಿಗೂ ಬಾವಿಗೂ ನಡುವೆ ಉಳಿದ ನೆಲ ಮಾತ್ರ.

ಹೀಗಾದರೆ ಕೇಡಿನ ಮನಸ್ಸಿಗೆ ಬೆಲೆಯೇ ಇಲ್ಲವೇ ಎಂದು ಕೇಳುವವರ ಮಾತಿನಲ್ಲಿ ತೂಕವಿದೆ. 1931ರ ಜುಲೈನಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವಿದ್ಯಾರ್ಥಿ ವಾಸುದೇವ ಬಳವಂತ ಗೋಗಟೆ ಮುಂಬೈ ಪ್ರಾಂತ್ಯದ ಹಂಗಾಮಿ ಗವರ್ನರ್ ಹಾಟ್ಸನ್ ಅವರ ಎದುರೇ ನಿಂತು ಗುಂಡು ಹಾರಿಸಿದ. ಗುಂಡು ಮೈಗೆ ನಾಟಲಿಲ್ಲ. ನಾಟಿದ್ದರೆ ಗಲ್ಲು, ನಾಟದ್ದಕ್ಕೆ ಜೈಲು. ಎರಡರಲ್ಲೂ ಕೈ ಅದೇ, ಮನಸ್ಸು ಅದೇ, ವ್ಯತ್ಯಾಸ ಅದೃಷ್ಟದ್ದು. ಜೇಬಿಗೆ ಕೈ ಹಾಕಿದ ಕಳ್ಳನಿಗೆ ಜೇಬು ಖಾಲಿ ಸಿಕ್ಕರೂ ಅವನು ತಪ್ಪಿತಸ್ಥನೇ ಎಂದು ಸಂಹಿತೆಯ ಕಥೆಗಳಲ್ಲೇ ಇದೆ. ಅಂದರೆ ಪ್ರಯತ್ನಕ್ಕೆ ಶಿಕ್ಷೆ ಕೊಡುವಾಗ ನಾವು ನಿಜವಾಗಿ ಶಿಕ್ಷಿಸುವುದು ಮನಸ್ಸನ್ನೇ. ಹಾಗಿದ್ದ ಮೇಲೆ ಕೈ ಚಾಚುವವರೆಗೆ ಏಕೆ ಕಾಯಬೇಕು?

ಹಳೆಯ ಉತ್ತರ: ಮನಸ್ಸು ಯಾರಿಗೂ ಕಾಣದು. ಇಂಗ್ಲೆಂಡಿನಲ್ಲಿ 1477ರಲ್ಲೇ, ಹೊಲದ ಪೈರಿನ ವ್ಯಾಪಾರಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ, ನ್ಯಾಯಮೂರ್ತಿ ಬ್ರಯಾನ್ ಇಂಥದೊಂದು ಮಾತು ಹೇಳಿದ್ದರು: ಮನುಷ್ಯನ ಯೋಚನೆಯನ್ನು ವಿಚಾರಣೆಗೆ ಎಳೆಯಲಾಗದು, ಅದು ಸೈತಾನನಿಗೂ ತಿಳಿಯದು. ಕಾಣದ್ದನ್ನು ಕಂಡೆನೆಂದರೆ ಏನಾಗುತ್ತದೆ ಎಂಬುದಕ್ಕೆ ಸಿರಾಕ್ಯೂಸಿನ ದೊರೆ ಡಯೊನೀಸಿಯಸ್‌ನ ಕಥೆಯಿದೆ. ದೊರೆಯ ಕತ್ತು ಕೊಯ್ದಂತೆ ಒಬ್ಬನಿಗೆ ಕನಸು ಬಿತ್ತಂತೆ. ಹಗಲು ಯೋಚಿಸದೆ ರಾತ್ರಿ ಕನಸು ಬೀಳುವುದುಂಟೇ ಎಂದು ದೊರೆ ಅವನನ್ನು ಕೊಲ್ಲಿಸಿದ. 1748ರಲ್ಲಿ ಮಾಂಟೆಸ್ಕ್ಯೂ ತನ್ನ ಗ್ರಂಥದಲ್ಲಿ ದಬ್ಬಾಳಿಕೆಗೆ ಉದಾಹರಣೆಯಾಗಿ ಕೊಟ್ಟದ್ದು ಇದನ್ನೇ.

ಈ ಉತ್ತರದ ಮೇಲೆ ಇನ್ನು ಹೆಚ್ಚು ಕಾಲ ಭಾರ ಹಾಕಲಾಗದು ಎಂಬುದು ನನ್ನ ಅನಿಸಿಕೆ. ಮನಸ್ಸು ಈಗ ಕಾಣತೊಡಗಿದೆ. ನಡುರಾತ್ರಿ ಮೊಬೈಲಿನಲ್ಲಿ ಹುಡುಕಿದ್ದು, ವಾಟ್ಸ್ಆ್ಯಪಿನಲ್ಲಿ ಬರೆದು ಅಳಿಸಿದ್ದು, ಯಾವ ರಸ್ತೆಯಲ್ಲಿ ಎಷ್ಟು ಸಲ ಸುತ್ತಿದ್ದು, ಎಲ್ಲವೂ ಎಲ್ಲೋ ದಾಖಲಾಗಿರುತ್ತದೆ. ಖಾರದ ಪುಡಿ ಹೇಳದ್ದನ್ನು ಫೋನು ಹೇಳುತ್ತದೆ. ಉದ್ದೇಶವನ್ನು ನೂರಕ್ಕೆ ನೂರು ಸಾಬೀತು ಮಾಡುವ ದಿನ ಬಂತೆಂದೇ ಇಟ್ಟುಕೊಳ್ಳೋಣ. ಆಗ ಶಿಕ್ಷಿಸಬಹುದೇ?

ಆಗಲೂ ಕೂಡದು. ಕಾರಣ ಆ ಹದಿನಾಲ್ಕು ಮೈಲಿ. ಉದ್ದೇಶ ಎಂಬುದು ಕಲ್ಲಿನಲ್ಲಿ ಕೆತ್ತಿದ್ದಲ್ಲ, ಒಲೆಯ ಮೇಲಿನ ಹಾಲಿನಂಥದು, ಉಕ್ಕಿಬಂದಂತೆಯೇ ಇಳಿಯುತ್ತದೆ. ಉಕ್ಕಿದ ಕ್ಷಣದಲ್ಲೇ ಹಿಡಿದು ಶಿಕ್ಷೆ ಬರೆದರೆ ಇಳಿಯುವುದಕ್ಕೆ ಎಡೆಯೇ ಇರದು. ಹೊರಟದ್ದಕ್ಕೂ ಮುಗಿಸಿದ್ದಕ್ಕೂ ಜೈಲೇ ಎಂದಾದರೆ ಹಿಂದಿರುಗುವುದರಿಂದ ಯಾರಿಗೇನು ಲಾಭ?

ಇನ್ನೊಂದು ಕಾರಣ ನಮ್ಮದೇ ಇತಿಹಾಸದಲ್ಲಿದೆ. ಉದ್ದೇಶವನ್ನೇ ಹಿಡಿಯುತ್ತೇವೆಂದು ಕಾನೂನು ಹೊರಟಾಗಲೆಲ್ಲ ಅದರ ಕೈಗೆ ಸಿಕ್ಕಿದ್ದು ಮನುಷ್ಯರ ಹೆಸರಿನ ಪಟ್ಟಿ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇದರ ಕಡು ಉದಾಹರಣೆ. ಇಂಥ ಜಾತಿಯಲ್ಲಿ ಹುಟ್ಟಿದವನ ಮನಸ್ಸಿನಲ್ಲಿ ಕಳ್ಳತನ ಇದ್ದೇ ಇರುತ್ತದೆ ಎಂದು ಬ್ರಿಟಿಷ್ ಸರ್ಕಾರವೇ ತೀರ್ಮಾನಿಸಿತು. ಕಾಯ್ದೆ ಮುಂದೆ ದಕ್ಷಿಣಕ್ಕೂ ಇಳಿಯಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟುಗಳು ಎದ್ದವು. ಬೇಲಿಯೊಳಗಿನ ಬದುಕು, ಕರೆದಾಗ ಹಾಜರಿ, ಹೊರಗೆ ಹೋಗಲು ಪಾಸು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಹುಬ್ಬಳ್ಳಿ, ಗದಗದಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಈಗಲೂ ಬಡಾವಣೆಯ ಹೆಸರಾಗಿ ಬಳಕೆಯಲ್ಲಿದೆ. ಆ ವಿಳಾಸ ಬರೆದ ಅರ್ಜಿ ಕಂಡಾಗ ಹುಬ್ಬೇರಿಸುವವರೂ ಇದ್ದಾರೆ.

ಒಳಸಂಚಿನ ಕಾನೂನೂ ಭಯದ ಕಾಲದ್ದೇ. 1912ರ ಡಿಸೆಂಬರಿನಲ್ಲಿ ದೆಹಲಿಯ ಚಾಂದನಿ ಚೌಕದಲ್ಲಿ ವೈಸ್‌ರಾಯ್ ಹಾರ್ಡಿಂಜರ ಮೇಲೆ ಬಾಂಬು ಬಿತ್ತು. 1913ರಲ್ಲಿ ದಂಡ ಸಂಹಿತೆಗೆ ಹೊಸ ಅಧ್ಯಾಯ ಸೇರಿತು. ಅಂದಿನಿಂದ ಒಬ್ಬನೇ ಹತ್ತು ವರ್ಷ ಕೂತು ಹೊಂಚು ಹಾಕಿದರೆ ಅಪರಾಧವಲ್ಲ. ಇಬ್ಬರು ಹತ್ತು ನಿಮಿಷ ಮಾತಾಡಿ ‘ಆಯ್ತು’ ಎಂದುಕೊಂಡರೆ ಅಪರಾಧ. ಇಬ್ಬರು ಮಾತಿಗೆ ಕಟ್ಟುಬಿದ್ದ ಮೇಲೆ ಒಬ್ಬ ಹಿಂದೆ ಸರಿಯುವುದು ಕಷ್ಟ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ಆ ‘ಆಯ್ತು’ ಕೇಳಿಸಿಕೊಂಡವರು ಯಾರು ಎಂಬ ಪ್ರಶ್ನೆ ಬಂದಾಗ ಮತ್ತೆ ಚಹಾ ಅಂಗಡಿಯವನ ಸಹಿಗೇ ಬಂದು ನಿಲ್ಲುತ್ತೇವೆ.

ಸ್ವಾತಂತ್ರ್ಯ ಬಂದ ಮೇಲೂ ಪಟ್ಟಿಯ ಅಭ್ಯಾಸ ಬಿಟ್ಟಿಲ್ಲ. ನಾವು ಸರಳವಾಗಿ ಗೂಂಡಾ ಕಾಯ್ದೆ ಎನ್ನುವ ಕರ್ನಾಟಕದ 1985ರ ಕಾಯ್ದೆಯ ಪೂರ್ತಿ ಹೆಸರನ್ನು ಒಮ್ಮೆ ಓದಿ ನೋಡಿ: ಕಳ್ಳಭಟ್ಟಿಯವರು, ಮಾದಕ ವಸ್ತು ಅಪರಾಧಿಗಳು, ಜೂಜುಕೋರರು, ಗೂಂಡಾಗಳು ಎಂದು ಹೆಸರಿನಲ್ಲೇ ಮಂದಿಯ ಮೆರವಣಿಗೆಯಿದೆ. ಮುಂದೆ ಏನು ಮಾಡಿಯಾನು ಎಂಬ ಅಂದಾಜಿನ ಮೇಲೆ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆ ಎನ್ನುತ್ತದೆ ಕಾನೂನು. ಒಳಗಿರುವವನ ಹೆಂಡತಿ ಮಕ್ಕಳಿಗೆ ಈ ವ್ಯತ್ಯಾಸ ತಿಳಿಸಿ ಹೇಳುವುದು ಕಷ್ಟ. ಬಂಧನದ ಜತೆಗೇ ವಕೀಲರ ಹಕ್ಕು ಬರುತ್ತದೆಂದು ನಾವು ತಿಳಿದಿರುತ್ತೇವೆ. ಮುನ್ನೆಚ್ಚರಿಕೆ ಬಂಧನಕ್ಕೆ ಆ ಹಕ್ಕಿಲ್ಲವೆಂದು ಸಂವಿಧಾನದ 22ನೇ ವಿಧಿಯೇ ಬರೆದಿಟ್ಟಿದೆ. 2011ರಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಬಂಧನ ಪ್ರಜಾಪ್ರಭುತ್ವದ ಕಲ್ಪನೆಗೇ ಒಗ್ಗದ್ದು ಎಂದಿತು. ಅದೇ ವರ್ಷ ಅಸ್ಸಾಮಿನ ಪ್ರಕರಣದಲ್ಲಿ, ನಿಷೇಧಿತ ಸಂಘಟನೆಯ ಸದಸ್ಯನಾದ ಮಾತ್ರಕ್ಕೆ ಅಪರಾಧಿಯಲ್ಲ, ಹಿಂಸೆಗೆ ಕೈ ಹಾಕಿರಬೇಕು ಅಥವಾ ಪ್ರಚೋದಿಸಿರಬೇಕು ಎಂದಿತು. 2023ರ ಮಾರ್ಚಿನಲ್ಲಿ ಮೂವರ ಪೀಠ ಅದನ್ನು ಅಳಿಸಿ, ಸದಸ್ಯತ್ವವೇ ಸಾಕು ಎಂದು ತೀರ್ಪು ಕೊಟ್ಟಿತು.

ಬಾಂಬು ಕಟ್ಟುತ್ತಿರುವವನನ್ನು ನೋಡುತ್ತ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಸ್ಫೋಟಕ ಇಟ್ಟುಕೊಳ್ಳುವುದು, ಬೆದರಿಕೆ ಹಾಕುವುದು, ಸುಪಾರಿ ಕೊಡುವುದು ಇವೆಲ್ಲ ಬರೀ ಯೋಚನೆಯಲ್ಲ, ಕೆಲಸಗಳೇ. ಅವಕ್ಕೆ ಬೇರೆ ಬೇರೆ ಸೆಕ್ಷನ್ನುಗಳಿವೆ. ತಡೆಯುವುದಕ್ಕೂ ಶಿಕ್ಷಿಸುವುದಕ್ಕೂ ವ್ಯತ್ಯಾಸವಿದೆ ಅಷ್ಟೆ. ಕೆರೆ ಏರಿಯ ಮೇಲೆ ಲಾಂಗು ಹಿಡಿದು ಕೂತವರನ್ನು ಜೀಪಿನ ದೀಪ ಹಾಕಿ ಎಬ್ಬಿಸಿ, ಲಾಂಗು ಕಿತ್ತುಕೊಂಡು, ಆಯುಧ ಇಟ್ಟುಕೊಂಡದ್ದಕ್ಕೆ ಕೇಸು ಹಾಕಿದರೆ ಆ ರಾತ್ರಿಯ ಮನೆ ಉಳಿಯುತ್ತದೆ. ಮನಸ್ಸಿನಲ್ಲಿ ಇದ್ದದ್ದಕ್ಕೆ ಹತ್ತು ವರ್ಷ ಎಂದಾಗಲೇ ಮಹಜರಿಗೆ ಖಾರದ ಪುಡಿ ಬೇಕಾಗುತ್ತದೆ.

ನಮ್ಮ ಕಡೆ ತೋಟದ ಒಬ್ಬ ಹಿರಿಯರಿದ್ದಾರೆ. ಮಳೆಗಾಲದ ಒಂದು ಸಂಜೆ ಜಗಲಿಯಲ್ಲಿ ಕೂತು, ನಲವತ್ತು ವರ್ಷದ ಹಿಂದಿನದನ್ನು ತಾವಾಗಿ ಹೇಳಿದರು. ಪಾಲಿನ ಜಗಳದಲ್ಲಿ ತಮ್ಮನ ಮೇಲೆ ಹೊಟ್ಟೆಯುರಿ. ತಮ್ಮನದು ಮೂರು ವರ್ಷದ ಅಡಿಕೆ ಸಸಿ, ಎದೆಮಟ್ಟ ಬಂದಿದ್ದವು.

‘ಕತ್ತಿ ಮಸೆದು ಇಟ್ಕಂಡಿದ್ದೆ ಮಾರಾಯ. ಒಂದೂ ಬಿಡಬಾರದು ಅಂತಲೇ ಹೋಗಿದ್ದು.’

‘ಮತ್ತೆ?’

‘ಅಗಳದ ಈಚೆ ಕೂತೆ. ಒಂದು ಬೀಡಿ ಸೇದಿ ಇಳಿಯಾಣ ಅಂತ. ಬೆಂಕಿಪೊಟ್ಟಣ ಒದ್ದೆ ಆಗಿತ್ತು, ಹತ್ತಲಿಲ್ಲ. ಕಾಲಿಗೆ ಉಂಬಳ ಬೇರೆ. ಬಿಡಿಸ್ತಾ ಕೂತೆ. ಆಮೇಲೆ ಯಾಕೋ ಬೇಜಾರಾಯ್ತು, ಎದ್ದು ಬಂದೆ.’

ತಮ್ಮನಿಗೆ ಇದು ಗೊತ್ತೇ ಎಂದು ಕೇಳಿದೆ. ಇಲ್ಲವಂತೆ. ಮಸೆದ ಕತ್ತಿ ಏನಾಯಿತು ಎಂದು ಕೇಳಿದೆ. ಮಾರನೇ ದಿನ ಕೊಟ್ಟಿಗೆಗೆ ಸೊಪ್ಪು ಕಡಿಯಲು ಬಹಳ ಹರಿತವಾಗಿತ್ತು ಎಂದರು.